ಜಪಸರ ಮತ್ತು ನಮ್ಮ ಧರ್ಮಕೇಂದ್ರ: ಕಲಬುರಗಿ, ಬೀದರ್, ಯಾದಗಿರಿಯ ಕಥೋಲಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಹತ್ತಿರ ಬಂದಾಗ ಯಾರ ಮನೆಯಲ್ಲಿ ಯಾವತ್ತು ಜಪಸರ (ಮಣಿ ಎಣಿಸುತ್ತಾ ಹೇಳುವ ರೋಸರಿ ಪ್ರಾರ್ಥನೆ) ಎಂದು ವಾರ್ಡಿನಲ್ಲಿ, ಅಂದರೆ ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿನಲ್ಲಿ, ಪಟ್ಟಿ ಹಾಕುತ್ತೇವೆ. ಪಟ್ಟಿಯ ಜೊತೆಗೆ ಪ್ರಶ್ನೆಗಳೂ ಬರುತ್ತವೆ. ಹೊಸದಾಗಿ ಮದುವೆಯಾಗಿ ಬಂದವರು ಕೇಳುತ್ತಾರೆ. ಕೆಲಸಕ್ಕೆಂದು ಬೇರೆ ಊರಿನಿಂದ ಬಂದವರು ಕೇಳುತ್ತಾರೆ. ಮೊದಲ ಪರಮಪ್ರಸಾದಕ್ಕೆ (ಕಮ್ಯುನಿಯನ್) ತಯಾರಾಗುವ ಮಕ್ಕಳ ತಾಯಂದಿರು ಕೇಳುತ್ತಾರೆ. ಇನ್ನು ಕೆಲವರು ಕೇಳಲು ನಾಚಿ, ಬಾಗಿಲ ಹತ್ತಿರ ಸುಮ್ನೆ ಕೂತಿರುತ್ತಾರೆ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಗುರುವಲ್ಲ, ವಾರ್ಡಿನಲ್ಲಿ ಪ್ರಾರ್ಥನೆ ನಡೆಸುವ ಒಬ್ಬ ವಿಶ್ವಾಸಿ ಅಷ್ಟೇ. ಸಂಸ್ಕಾರ, ಮದುವೆ, ದಾಖಲೆಗಳ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಫಾದರ್ ಅವರದೇ.

ಜಪಸರ ಹೇಳುವುದು ಅಂದರೆ ಮರಿಯಮ್ಮನವರನ್ನು ಪೂಜಿಸುವುದಾ?

ಅಲ್ಲ. ಆರಾಧನೆ ದೇವರಿಗೆ ಮಾತ್ರ. ಯೇಸುವಿನ ತಾಯಿ ಮರಿಯಮ್ಮನವರನ್ನು ಗೌರವಿಸುತ್ತೇವೆ, ನಮಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಳ್ಳುತ್ತೇವೆ.

'ನಮೋ ಮರಿಯ' ಪ್ರಾರ್ಥನೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಅದರ ಮೊದಲರ್ಧದ ಮಾತುಗಳು ಬೈಬಲಿನಲ್ಲಿರುವ ಲೂಕನ ಶುಭಸಂದೇಶದ ಮೊದಲ ಅಧ್ಯಾಯದವು. ಒಂದು ಮಾತು ಗಬ್ರಿಯೇಲ್ ದೂತ ಮರಿಯಳಿಗೆ ಹೇಳಿದ ವಂದನೆ. ಇನ್ನೊಂದು, ತನ್ನ ಮನೆಗೆ ಬಂದ ಮರಿಯಳನ್ನು ಕಂಡು ಬಸುರಿ ಎಲಿಜಬೇತ್ ದನಿಯೆತ್ತಿ ಹೇಳಿದ್ದು. 'ಸಂತ ಮರಿಯ' ಎಂದು ಶುರುವಾಗುವ ಎರಡನೇ ಅರ್ಧ ನಂತರದ ಕಾಲದಲ್ಲಿ ಸೇರಿತು. ನಾವು ಈಗ ಹೇಳುವ ರೂಪ 1568ರಲ್ಲಿ, ಪೋಪ್ ಐದನೇ ಪಯಸ್ ಹೊರತಂದ ಪ್ರಾರ್ಥನಾ ಪುಸ್ತಕದಲ್ಲಿ ಗಟ್ಟಿಯಾಯಿತು.

ಎರಡು ಅರ್ಧಗಳ ನಡುವೆ ಯೇಸು ಎಂಬ ಹೆಸರಿದೆ. ಇಡೀ ಪ್ರಾರ್ಥನೆ ನಿಂತಿರುವುದು ಆ ಹೆಸರಿನ ಮೇಲೆ. ಅವಸರದಲ್ಲಿ ಹೇಳುವಾಗ ನಾವು ನುಂಗಿಬಿಡುವುದೂ ಅದನ್ನೇ. ಮುಂದೆ ಹೇಳಿಸುವವರು 'ಯೇಸು' ಎಂದು ಪೂರ್ತಿ ಮುಗಿಸುವ ಮೊದಲೇ ಉಳಿದವರು 'ಸಂತ ಮರಿಯ' ಶುರು ಮಾಡಿಬಿಡುತ್ತಾರೆ. ದಯವಿಟ್ಟು ಅಲ್ಲಿ ಒಂದು ಉಸಿರು ಬಿಡಿ. ಅಷ್ಟು ಮಾಡಿದರೂ ಜಪಸರ ಬೇರೆಯೇ ಆಗುತ್ತದೆ.

ಮಣಿಗಳ ಲೆಕ್ಕ ಹೇಗೆ? ಎಲ್ಲಿಂದ ಶುರು ಮಾಡಬೇಕು?

ಸಾಮಾನ್ಯ ಜಪಸರದಲ್ಲಿ 59 ಮಣಿ ಇರುತ್ತವೆ. ಶಿಲುಬೆ ಹಿಡಿದು ಶಿಲುಬೆಯ ಗುರುತು ಹಾಕಿ, ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಪ್ರಮಾಣ ಹೇಳಿ. ಮೊದಲ ಬಿಡಿ ಮಣಿಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ'. ಮುಂದಿನ ಮೂರು ಮಣಿಗಳಿಗೆ ಮೂರು 'ನಮೋ ಮರಿಯ'. ವಿಶ್ವಾಸ, ಭರವಸೆ, ಪ್ರೀತಿ ಈ ಮೂರೂ ನಮ್ಮಲ್ಲಿ ಬೆಳೆಯಲಿ ಎಂದು ಅವನ್ನು ಹೇಳುತ್ತೇವೆ. ಆಮೇಲೆ ತ್ರಿಯೇಕ ದೇವರಿಗೆ ಮಹಿಮೆ ಸಲ್ಲಿಸುವ ಪ್ರಾರ್ಥನೆ.

ಅಲ್ಲಿಂದ ಮುಂದೆ ಐದು ಹತ್ತರ ಗುಂಪುಗಳು. ಪ್ರತಿ ಗುಂಪಿಗೂ ಮೊದಲು ಯೇಸುವಿನ ಅಥವಾ ಮಾತೆ ಮರಿಯಮ್ಮನವರ ಬದುಕಿನ ಒಂದು ಘಟನೆಯನ್ನು ಹೇಳಬೇಕು. ಇದಕ್ಕೇ ರಹಸ್ಯ ಎನ್ನುವುದು. ನಂತರ ಒಂದು 'ನಮ್ಮ ತಂದೆಯೇ', ಹತ್ತು 'ನಮೋ ಮರಿಯ', ಮತ್ತೆ ಮಹಿಮೆಯ ಪ್ರಾರ್ಥನೆ. ಅದರ ಹಿಂದೆಯೇ 'ಓ ನನ್ನ ಯೇಸುವೇ' ಎಂದು ಹೇಳುವ ಚಿಕ್ಕ ಪ್ರಾರ್ಥನೆ ಪೋರ್ಚುಗಲ್ ದೇಶದ ಫಾತಿಮಾ ಎಂಬ ಊರಿನಿಂದ ಬಂದದ್ದು. 1917ರ ಜುಲೈ 13ರಂದು ಅಲ್ಲಿನ ಮಕ್ಕಳಿಗೆ ಮಾತೆ ದರ್ಶನ ಕೊಟ್ಟು ಅದನ್ನು ಕಲಿಸಿದರು. ಐದೂ ಮುಗಿದ ಮೇಲೆ ಕರುಣೆಯ ಮಾತೆಗೆ ಮಾಡುವ ವಂದನೆ ಇರುತ್ತದೆ. ಸಮಯ ಇದ್ದರೆ ಮಾತೆಯನ್ನು ಹಲವು ಹೆಸರುಗಳಿಂದ ಕರೆಯುವ ಸ್ತುತಿಮಾಲೆಯನ್ನೂ ಹೇಳುತ್ತೇವೆ.

ಒಂದು ಮಣಿ ಜಾಸ್ತಿ ಆಯಿತು, ಒಂದು ಬಿಟ್ಟುಹೋಯಿತು ಎಂದು ಗಾಬರಿಯಾಗಬೇಡಿ. ಅದು ಪಾಪವಲ್ಲ. ಮತ್ತೆ ಮೊದಲಿಂದ ಹೇಳಬೇಕಾಗಿಯೂ ಇಲ್ಲ.

ಯಾವ ದಿನ ಯಾವ ರಹಸ್ಯ? ನಮ್ಮ ಅಜ್ಜಿ ಗುರುವಾರ ಸಂತೋಷದ ರಹಸ್ಯ ಹೇಳುತ್ತಾರೆ, ಪುಸ್ತಕದಲ್ಲಿ ಬೇರೆ ಇದೆಯಲ್ಲ?

ಅಜ್ಜಿ ಕಲಿತ ಕ್ರಮ ಹಳೆಯದು. 2002ರವರೆಗೆ ಇದ್ದದ್ದು ಮೂರೇ ಗುಂಪು: ಸಂತೋಷದ, ದುಃಖದ, ಮಹಿಮೆಯ ರಹಸ್ಯಗಳು. ಗುರುವಾರಕ್ಕೆ ಆಗ ಸಂತೋಷದ ರಹಸ್ಯವೇ. 2002ರ ಅಕ್ಟೋಬರ್ 16ರಂದು ಪೋಪ್ ಎರಡನೇ ಜಾನ್ ಪಾಲ್ ಬೆಳಕಿನ ರಹಸ್ಯಗಳನ್ನು ಸೇರಿಸಿದರು. ಜೋರ್ಡಾನ್ ನದಿಯಲ್ಲಿ ಯೇಸುವಿನ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ದೇವರ ರಾಜ್ಯದ ಸಾರುವಿಕೆ, ಬೆಟ್ಟದ ಮೇಲೆ ಯೇಸುವಿನ ರೂಪಾಂತರ, ಪರಮಪ್ರಸಾದದ ಸ್ಥಾಪನೆ ಇವು ಅದರಲ್ಲಿವೆ. ಅಲ್ಲಿಯವರೆಗೆ ಜಪಸರದಲ್ಲಿ ಒಂದು ದೊಡ್ಡ ಅಂತರ ಇತ್ತು. 12 ವರ್ಷದ ಬಾಲಕ ಯೇಸು ದೇವಾಲಯದಲ್ಲಿ ಸಿಕ್ಕ ಮೇಲೆ ಮುಂದಿನ ರಹಸ್ಯ ನೇರವಾಗಿ, ಸಾವಿನ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೆಮನಿ ತೋಟದ್ದು. ಅವರು ಊರೂರು ತಿರುಗಿ ಬೋಧಿಸಿದ, ಜನರನ್ನು ಗುಣಪಡಿಸಿದ ವರ್ಷಗಳು ಬಿಟ್ಟುಹೋಗಿದ್ದವು.

ಈಗಿನ ಕ್ರಮ ಹೀಗಿದೆ. ಸೋಮವಾರ, ಶನಿವಾರ ಸಂತೋಷದ್ದು. ಮಂಗಳವಾರ, ಶುಕ್ರವಾರ ದುಃಖದ್ದು. ಬುಧವಾರ, ಭಾನುವಾರ ಮಹಿಮೆಯದು. ಗುರುವಾರ ಬೆಳಕಿನದು. ಹೊಸ ರಹಸ್ಯಗಳನ್ನು ಜಾನ್ ಪಾಲ್ ಅವರು ಕಡ್ಡಾಯ ಮಾಡಲಿಲ್ಲ. ಅಜ್ಜಿ ಹಳೆಯ ಕ್ರಮದಲ್ಲೇ ಹೇಳಲಿ ಬಿಡಿ. ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಿರುವಾಗ ನಡುವೆ ತಿದ್ದಲು ಹೋಗಬೇಡಿ.

ಅದೇ ಪ್ರಾರ್ಥನೆ 53 ಸಲ ಹೇಳಿದರೆ ಬೇಜಾರಾಗಲ್ವಾ? ನನ್ನ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ.

ಎಲ್ಲರ ಮನಸ್ಸೂ ಹೋಗುತ್ತದೆ. ಅಕ್ಕಿ ಖಾಲಿಯಾದದ್ದು, ಮಗನ ಫೀಸು, ನಾಳೆಯ ಬಸ್ಸು ಎಲ್ಲ ಆ ಹೊತ್ತಿಗೇ ನೆನಪಾಗುತ್ತವೆ. ನಾನು ಹೊಸಬರಿಗೆ ಹೇಳುವುದು ಇಷ್ಟು: ಆ ಚಿಂತೆಯನ್ನು ಓಡಿಸಲು ಹೆಣಗಬೇಡಿ. ಮುಂದಿನ ಮಣಿಯಲ್ಲಿ ಅದನ್ನೇ ದೇವರ ಮುಂದೆ ಇಟ್ಟುಬಿಡಿ. ಫೀಸಿನ ಚಿಂತೆ ಬಂತಾ? ಈ 'ನಮೋ ಮರಿಯ' ಮಗನಿಗಾಗಿ. ಚಿಂತೆಯೇ ಪ್ರಾರ್ಥನೆ ಆಗುತ್ತದೆ.

ಇನ್ನೊಂದು ವಿಷಯ. ಬಾಯಿ 'ನಮೋ ಮರಿಯ' ಹೇಳುತ್ತಿದ್ದರೆ ಮನಸ್ಸು ರಹಸ್ಯವನ್ನು ನೋಡುತ್ತಿರಬೇಕು. ರಹಸ್ಯ ಬಿಟ್ಟು ಬರೀ ಎಣಿಕೆ ಇಟ್ಟುಕೊಂಡರೆ ಬೇಜಾರಾಗುವುದು ಸಹಜ. ಪೋಪ್ ಆರನೇ ಪಾಲ್ 1974ರಲ್ಲಿ ಬರೆದ ಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಧ್ಯಾನ ಇಲ್ಲದ ಜಪಸರ ಜೀವ ಇಲ್ಲದ ದೇಹದ ಹಾಗೆ. ಎರಡನೇ ಸಂತೋಷದ ರಹಸ್ಯವನ್ನೇ ನೋಡಿ. ಮರಿಯ ಬಸುರಿ, ಆದರೂ ಗುಡ್ಡಗಾಡಿನ ದಾರಿ ನಡೆದು ವಯಸ್ಸಾದ ಬಂಧುವಿನ ಬಾಣಂತನಕ್ಕೆ ನೆರವಾಗಲು ಹೋದಳು. ಮೂರು ತಿಂಗಳು ಅಲ್ಲೇ ಇದ್ದಳು ಎಂದು ಲೂಕ ಬರೆಯುತ್ತಾನೆ. ಮಗಳ ಹೆರಿಗೆಗೆಂದು ಚಿಂಚೋಳಿಯಿಂದಲೋ ಸುರಪುರದಿಂದಲೋ ಬಸ್ಸು ಹತ್ತಿ ಬಂದ ಅವ್ವಂದಿರು ನಮ್ಮ ನಡುವೆ ಎಷ್ಟು ಜನ ಇಲ್ಲ? ಆ ಹತ್ತು ಮಣಿಗಳನ್ನು ಅವರು ನಮಗಿಂತ ಚೆನ್ನಾಗಿ ಹೇಳಬಲ್ಲರು.

ಜಪಸರ ಓದುಬರಹ ಬಾರದವರ ಪ್ರಾರ್ಥನೆಯಾಗಿಯೇ ಬೆಳೆಯಿತು. ಮಠಗಳಲ್ಲಿ ಬೈಬಲಿನ 150 ಕೀರ್ತನೆಗಳನ್ನು ಹಾಡುತ್ತಿದ್ದರು. ಅವನ್ನು ಓದಲಾಗದ ಸಾಮಾನ್ಯ ಜನ ಅಷ್ಟೇ ಸಂಖ್ಯೆಯ 'ನಮೋ ಮರಿಯ' ಹೇಳುತ್ತಿದ್ದರು. ಸಂತ ದೊಮಿನಿಕ್ ಮತ್ತು ಅವರ ಸಭೆಯ ಗುರುಗಳ ಹೆಸರು ಈ ಪರಂಪರೆಯ ಜೊತೆ ಸೇರಿಕೊಂಡಿದೆ. ಅಕ್ಷರ ಬಾರದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇಪ್ಪತ್ತೂ ರಹಸ್ಯಗಳನ್ನು ಬಾಯಿಪಾಠ ಹೇಳುವುದನ್ನು ಕೇಳಿದ್ದೇನೆ. ಶುಭಸಂದೇಶದ ಅಷ್ಟೂ ಕಥೆ ಅವರಿಗೆ ಗೊತ್ತು. ಯಾರೂ ಅವರನ್ನು ಓದಿಲ್ಲದವರು ಎಂದು ಪಕ್ಕಕ್ಕೆ ಕೂರಿಸಬಾರದು.

ಅಕ್ಟೋಬರ್ ತಿಂಗಳೇ ಯಾಕೆ?

1571ರ ಅಕ್ಟೋಬರ್ 7ರಂದು ಲೆಪಾಂಟೊ ಎಂಬಲ್ಲಿ ನಡೆದ ಸಮುದ್ರ ಯುದ್ಧದಲ್ಲಿ ಕ್ರೈಸ್ತ ನೌಕಾಪಡೆ ತುರ್ಕರ ವಿರುದ್ಧ ಗೆದ್ದಿತು. ಆಗ ಪೋಪ್ ಐದನೇ ಪಯಸ್ ಜಪಸರ ಹೇಳಲು ಜನರನ್ನು ಕೇಳಿಕೊಂಡಿದ್ದರು. ಆ ದಿನವೇ ಜಪಸರ ಮಾತೆಯ ಹಬ್ಬವಾಯಿತು. 1883ರಲ್ಲಿ ಪೋಪ್ ಹದಿಮೂರನೇ ಲಿಯೊ ಇಡೀ ಅಕ್ಟೋಬರ್ ತಿಂಗಳನ್ನು ಜಪಸರಕ್ಕೆ ಮೀಸಲಿಟ್ಟರು. ಹಬ್ಬದ ಹಿಂದೆ ಯುದ್ಧ ಇದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಇವತ್ತು ಚರ್ಚು ಜಪಸರವನ್ನು ಶಾಂತಿಯ ಪ್ರಾರ್ಥನೆ ಎಂದೇ ಹೇಳುತ್ತದೆ. ನಾವೂ ಹಾಗೆಯೇ ಹೇಳೋಣ. ಯಾವ ಧರ್ಮದವರ ವಿರುದ್ಧವೂ ಅದನ್ನು ಎತ್ತಿ ಹಿಡಿಯಬಾರದು.

ನಮ್ಮ ಕಡೆ ಅಕ್ಟೋಬರ್ ಅಂದರೆ ಹಿಂಗಾರಿ ಜೋಳ ಬಿತ್ತುವ ಕಾಲ. ಹಳ್ಳಿಯವರು ಹೊಲದಿಂದ ಬರುವುದೇ ಕತ್ತಲಾದ ಮೇಲೆ. ಆದ್ದರಿಂದ ಏಳು ಗಂಟೆಗೆ ಎಂದು ಹಟ ಹಿಡಿಯಬೇಡಿ. ಎಂಟೂವರೆಗೆ ಇಟ್ಟರೆ ಗಂಡಸರೂ ಬರುತ್ತಾರೆ. ಮೇ ತಿಂಗಳೂ ಮಾತೆಯದೇ. ಆಗಿನ ಬಿಸಿಲಿಗೆ ಒಳಗೆ ಕೂರಲು ಆಗಲ್ಲ. ಅಂಗಳದಲ್ಲೋ ಮಾಳಿಗೆ ಮೇಲೋ ಚಾಪೆ ಹಾಸಿ ಹೇಳಿ.

ನಮ್ಮ ಮನೆಗೆ ವಾರ್ಡಿನ ಜಪಸರ ಬರುತ್ತದೆ. ಏನೇನು ತಯಾರಿ ಮಾಡಬೇಕು?

ಒಂದು ಮೇಜು, ಅದರ ಮೇಲೆ ತೊಳೆದ ಬಟ್ಟೆ, ಮಾತೆಯ ಸ್ವರೂಪ ಅಥವಾ ಚಿತ್ರ, ಶಿಲುಬೆ, ಒಂದು ಮೇಣದಬತ್ತಿ, ಕೈಗೆ ಸಿಕ್ಕ ಹೂವು. ಬೈಬಲ್ ಇರಲಿ. ಕರೆಂಟು ಹೋದರೆ ಎಂದು ಇನ್ನೊಂದು ಮೇಣದಬತ್ತಿ ಇಟ್ಟುಕೊಳ್ಳಿ. ಇಷ್ಟೇ.

ತಿಂಡಿ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಒಂದು ಮನೆಯಲ್ಲಿ ಚಹಾ, ಬಿಸ್ಕೆಟ್ ಕೊಟ್ಟರು. ಮರುದಿನದ ಮನೆಯವರು ಚೂಡಾ, ಮಿರ್ಚಿ ಭಜಿ ಮಾಡಿದರು. ಮೂರನೆಯವರು ಊಟವನ್ನೇ ಹಾಕಿದರು. ಹೀಗೆ ಏರುತ್ತಾ ಹೋದರೆ ಕೂಲಿ ಮಾಡುವ ಮನೆಯವರು 'ಈ ವರ್ಷ ನಮ್ಮ ಮನೆ ಬೇಡ ರೀ' ಎಂದು ಹಿಂದೆ ಸರಿಯುತ್ತಾರೆ. ಕಾರಣ ಹೇಳುವುದಿಲ್ಲ, ಆದರೆ ಕಾರಣ ಎಲ್ಲರಿಗೂ ಗೊತ್ತಿರುತ್ತದೆ. ಮಾತೆ ಬರಬೇಕಾದ ಮೊದಲ ಮನೆ ಅವರದೇ ಅಲ್ವಾ? ವಾರ್ಡಿನವರು ಮೊದಲೇ ಕೂತು ಚಹಾ ಮಾತ್ರ ಎಂದು ತೀರ್ಮಾನ ಮಾಡಿಕೊಳ್ಳಿ. ಉಳ್ಳವರೂ ಅದನ್ನೇ ಪಾಲಿಸಿ.

ಪ್ರಾರ್ಥನೆಯ ಕೊನೆಗೆ ಆ ಮನೆಯವರ ಹೆಸರು ಹೇಳಿ ಪ್ರಾರ್ಥಿಸಿ. ಕಾಯಿಲೆ ಬಿದ್ದವರು ಇದ್ದರೆ ಅವರ ಹತ್ತಿರ ಹೋಗಿ ಒಂದು 'ನಮೋ ಮರಿಯ' ಹೇಳಿ. ಮನೆಯವರಿಗೆ ವರ್ಷವಿಡೀ ನೆನಪಿರುವುದು ಅದೇ.

ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಯವರು ಬಂದು ಕೂರಬಹುದಾ?

ಖಂಡಿತ. ಶರಣಬಸವೇಶ್ವರರ ಗುಡಿ, ಖ್ವಾಜಾ ಬಂದೇ ನವಾಜರ ದರ್ಗಾ ಒಂದೇ ಊರಿನಲ್ಲಿರುವ ಕಲಬುರಗಿಯವರಿಗೆ ಇದು ಹೊಸದಲ್ಲ. ಮಣಿ ಎಣಿಸಿ ದೇವರನ್ನು ನೆನೆಯುವುದು ಅವರಿಗೂ ಗೊತ್ತು. ಹಿಂದೂಗಳ ಜಪಮಾಲೆಗೆ 108 ಮಣಿ, ಮುಸ್ಲಿಮರ ತಸ್ಬೀಹ್‌ಗೆ 99 ಅಥವಾ 33. ಕುರ್‌ಆನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಪಕ್ಕದ ಮನೆಯ ಬೀಬಿ ಮಾತೆಯ ಚಿತ್ರದ ಮುಂದೆ ತಲೆ ಮೇಲೆ ಸೆರಗು ಎಳೆದುಕೊಂಡು ನಿಂತರೆ ಅಚ್ಚರಿಯಿಲ್ಲ.

ಬಂದವರನ್ನು ಬಾಯಿಬಿಟ್ಟು ಹೇಳಲೇಬೇಕು ಎಂದು ಒತ್ತಾಯ ಮಾಡಬೇಡಿ. ಸುಮ್ಮನೆ ಕೂರುವುದೂ ಪ್ರಾರ್ಥನೆಯೇ. ಅವರ ಮನೆಯ ಕಷ್ಟ ಹೇಳಿಕೊಂಡರೆ ಅದಕ್ಕಾಗಿ ಪ್ರಾರ್ಥಿಸಿ. ಚರ್ಚಿನಲ್ಲಿ ಬಲಿಪೂಜೆಗೆ (ಮಾಸ್) ಬಂದಾಗ ಮಾತ್ರ ಒಂದು ವ್ಯತ್ಯಾಸ ಇದೆ. ಪರಮಪ್ರಸಾದ ಸ್ವೀಕರಿಸುವುದು ಅದಕ್ಕೆ ಸಿದ್ಧರಾದ ಕಥೋಲಿಕರು. ಇದನ್ನು ಸಾಲಿನಲ್ಲಿ ನಿಲ್ಲಿಸಿ ಹೇಳುವುದಕ್ಕಿಂತ ಮೊದಲೇ, ಪ್ರೀತಿಯಿಂದ ತಿಳಿಸಿ.

ನಮ್ಮ ಸಂಬಂಧಿಕರು ಮೆಥಡಿಸ್ಟ್ (ಪ್ರೊಟೆಸ್ಟೆಂಟ್) ಸಭೆಯವರು. ಜಪಸರ ತಪ್ಪು ಅನ್ನುತ್ತಾರೆ.

ಬೀದರ್, ಯಾದಗಿರಿ ಕಡೆ ಮೆಥಡಿಸ್ಟ್ ಸಭೆ ನಮಗಿಂತ ಹೆಚ್ಚು ಪರಿಚಿತ. ಶಾಲೆ, ಆಸ್ಪತ್ರೆಗಳ ಮೂಲಕ ಅವರು ಈ ನಾಡಿಗೆ ಮಾಡಿದ ಸೇವೆ ದೊಡ್ಡದು. ಒಂದೇ ಮನೆತನದಲ್ಲಿ ಎರಡೂ ಸಭೆಯವರು ಇರುವುದುಂಟು. ಊಟದ ಮುಂದೆ ಕೂತು ವಾದ ಮಾಡಬೇಡಿ. ಅವರು ಕೇಳಿದರೆ ಲೂಕನ ಮೊದಲ ಅಧ್ಯಾಯ ತೆಗೆದು ಜೊತೆಗೆ ಓದಿ. ಜೊತೆಯಾಗಿ ಪ್ರಾರ್ಥಿಸಬೇಕಾದ ಸಂದರ್ಭ ಬಂದರೆ ಕೀರ್ತನೆ ಹಾಡಿ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿ. ಅದು ಇಬ್ಬರದೂ.

ಧರ್ಮಕೇಂದ್ರ, ಧರ್ಮಕ್ಷೇತ್ರ ಅಂದರೆ ಏನು? ನಾವು ಯಾವುದಕ್ಕೆ ಸೇರಿದವರು?

ಒಬ್ಬ ಗುರುವಿನ ಪಾಲನೆಯಲ್ಲಿರುವ ವಿಶ್ವಾಸಿಗಳ ಸಮುದಾಯವೇ ಧರ್ಮಕೇಂದ್ರ. ಕಟ್ಟಡ ಆಮೇಲೆ. ಧರ್ಮಾಧ್ಯಕ್ಷರ (ಬಿಷಪ್) ಕೆಳಗೆ ಇಂಥ ಹಲವು ಧರ್ಮಕೇಂದ್ರಗಳು ಸೇರಿ ಧರ್ಮಕ್ಷೇತ್ರ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಗುಲ್ಬರ್ಗ ಧರ್ಮಕ್ಷೇತ್ರಕ್ಕೆ ಸೇರಿವೆ. ವಿಜಯಪುರವೂ ನಮ್ಮ ಜೊತೆಗಿದೆ. ಊರಿನ ಹೆಸರು 2014ರಲ್ಲಿ ಕಲಬುರಗಿ ಆದರೂ ಧರ್ಮಕ್ಷೇತ್ರವನ್ನು ಹುಟ್ಟಿದಾಗಿನ ಹೆಸರಿನಿಂದಲೇ ಕರೆಯುತ್ತೇವೆ.

ಅದು ಹುಟ್ಟಿದ್ದು 2005ರ ಜೂನ್ 24ರಂದು, ಸ್ನಾನಿಕ ಯೊವಾನ್ನರ ಜನನದ ಹಬ್ಬದ ದಿನ. ಆಗಿನ್ನೂ ಯಾದಗಿರಿ ಜಿಲ್ಲೆ ಆಗಿರಲಿಲ್ಲ. ಮೊದಲ ಧರ್ಮಾಧ್ಯಕ್ಷರು ರಾಬರ್ಟ್ ಮೈಕೆಲ್ ಮಿರಾಂಡ ಅವರು. ಅದಕ್ಕೂ ಮೊದಲು ಈ ಭಾಗಗಳು ಬೇರೆ ಬೇರೆ ಧರ್ಮಕ್ಷೇತ್ರಗಳಲ್ಲಿ ಹಂಚಿಹೋಗಿದ್ದವು. ಕಲಬುರಗಿಯ ಪ್ರಧಾನಾಲಯ, ಅಂದರೆ ಧರ್ಮಾಧ್ಯಕ್ಷರ ಚರ್ಚು, ಮಾತೆಯ ಹೆಸರಿನಲ್ಲೇ ಇದೆ.

ನಮ್ಮ ಊರಿಂದ ಚರ್ಚು ದೂರ. ಭಾನುವಾರ ಪೂಜೆಗೆ ಹೋಗಲಾಗದಿದ್ದರೆ ಮನೆಯಲ್ಲಿ ಜಪಸರ ಹೇಳಿದರೆ ಸಾಕಾ?

ಈ ಪ್ರಶ್ನೆಗೆ ಎರಡು ಉತ್ತರ ಇವೆ, ಯಾರು ಕೇಳುತ್ತಾರೆ ಎಂಬುದರ ಮೇಲೆ.

ಕಲಬುರಗಿ ಪಟ್ಟಣದಲ್ಲೇ ಇದ್ದು, ಬೈಕು ಬಾಗಿಲಲ್ಲಿ ನಿಂತಿದ್ದು, 'ಮನೆಯಲ್ಲೇ ಜಪಸರ ಹೇಳಿದೆ' ಎಂದರೆ ಸಾಲದು. ಜಪಸರ ಎಷ್ಟೇ ಒಳ್ಳೆಯದಾದರೂ ಭಾನುವಾರದ ಬಲಿಪೂಜೆಗೆ ಬದಲಿಯಲ್ಲ. ಭಾನುವಾರ ಕೆಲಸ ಇದ್ದವರು ಶನಿವಾರ ಸಂಜೆಯ ಪೂಜೆಗೆ ಬಂದರೂ ಆಗುತ್ತದೆ.

ಆದರೆ ಗುರುಗಳು ಪ್ರತಿ ವಾರ ಬರಲಾಗದ ಹಳ್ಳಿಗಳಿವೆ. ಪಟ್ಟಣದ ಚರ್ಚಿಗೆ ಬರಬೇಕೆಂದರೆ ಬಸ್ಸಿಗೆ ದುಡ್ಡು, ಇಡೀ ದಿನದ ಕೂಲಿ ಎರಡೂ ಹೋಗುತ್ತವೆ. ವಯಸ್ಸಾದವರಿಗೆ ಬಸ್ಸಿನ ನೂಕುನುಗ್ಗಲು ಆಗದು. ಅಂಥವರು ತಪ್ಪು ಮಾಡಿದೆವು ಎಂದು ಕೊರಗಬೇಕಾಗಿಲ್ಲ. ಗುರು ಸಿಗದ ಕಡೆ, ಅಥವಾ ಗಂಭೀರ ಕಾರಣವಿದ್ದಾಗ, ಒಬ್ಬರೇ, ಮನೆಯವರ ಜೊತೆ ಅಥವಾ ನಾಲ್ಕಾರು ಮನೆಯವರು ಸೇರಿ ಪ್ರಾರ್ಥನೆಯಲ್ಲಿ ಸಮಯ ಕಳೆಯಿರಿ ಎಂದು ಚರ್ಚಿನ ಕಾನೂನೇ ಹೇಳುತ್ತದೆ. ನಾಲ್ಕಾರು ಮನೆಯವರು ಸೇರುವ ಭಾನುವಾರದಂದು ಮೊದಲು ಆ ದಿನದ ಶುಭಸಂದೇಶ ಓದಿ. ಉಪದೇಶಿ ಇದ್ದರೆ ಎರಡು ಮಾತು ಹೇಳಲಿ. ಊರಿನ ಕಷ್ಟಗಳಿಗಾಗಿ ಪ್ರಾರ್ಥಿಸಿ. ಆಮೇಲೆ ಜಪಸರ.

ಪಟ್ಟಣದ ನಮಗೂ ಇಲ್ಲಿ ಒಂದು ಹೊಣೆ ಇದೆ. ಗುರುಗಳು ತಿಂಗಳಿಗೊಮ್ಮೆ ಹಳ್ಳಿಗೆ ಹೋಗುವಾಗ ಅವರ ಗಾಡಿಯಲ್ಲಿ ಖಾಲಿ ಸೀಟು ಇರುತ್ತದೆ. ಹಾಡಲು ಬರುವ ಒಬ್ಬರು, ಮಕ್ಕಳಿಗೆ ಧರ್ಮೋಪದೇಶ ಹೇಳುವ ಒಬ್ಬರು ಅದರಲ್ಲಿ ಹೋಗಬಹುದು. ನಮ್ಮ ಮೂರು ಜಿಲ್ಲೆಗಳಲ್ಲಿ ಕಥೋಲಿಕರು ಅಲ್ಲೊಂದು ಮನೆ ಇಲ್ಲೊಂದು ಮನೆ ಎಂಬಂತೆ ಇದ್ದಾರೆ. ಒಂದು ಕೇರಿಯಲ್ಲಿ ಮೂರೇ ಮನೆ ಇದ್ದರೂ, ಆ ಮೂರು ಮನೆಯವರು ಸಂಜೆ ಒಟ್ಟಿಗೆ ಜಪಸರ ಹೇಳುತ್ತಿದ್ದರೆ ಅಲ್ಲಿ ಧರ್ಮಕೇಂದ್ರ ಜೀವಂತವಾಗಿದೆ ಎಂದೇ ನಾನು ತಿಳಿದಿದ್ದೇನೆ.

ಪೂಜೆ ನಡೆಯುವಾಗ ಜಪಸರ ಹೇಳಬಹುದಾ?

ಬೇಡ. ಬಲಿಪೂಜೆಯ ಹೊತ್ತಿನಲ್ಲಿ ಜಪಸರ ಹೇಳುವುದು ಸರಿಯಲ್ಲ ಎಂದು ಆರನೇ ಪಾಲ್ ಅವರ ಅದೇ ಪತ್ರದಲ್ಲಿದೆ. ಪೂಜೆಗೆ ಅರ್ಧ ಗಂಟೆ ಮೊದಲು ಬಂದು ಹೇಳಿ. ಎಷ್ಟೋ ಚರ್ಚುಗಳಲ್ಲಿ ಹಾಗೆ ನಡೆಯುತ್ತದೆ.

ನಾನು ಶಿಫ್ಟ್ ಕೆಲಸದವನು. ನಡೆಯುತ್ತಾ, ಬಸ್ಸಿನಲ್ಲಿ, ಮೊಬೈಲ್ ನೋಡಿಕೊಂಡು ಹೇಳಬಹುದಾ?

ಹೇಳಬಹುದು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಆಸ್ಪತ್ರೆಯ ನರ್ಸ್‌ಗಳು ಮನೆಯವರ ಜೊತೆ ಕೂರಲು ಆಗಲ್ಲ. ಮಣಿ ಇಲ್ಲದಿದ್ದರೆ ಹತ್ತು ಬೆರಳಿವೆ. ಕೆಲಸಕ್ಕೆ ಹೋಗುವಾಗ ಎರಡು ರಹಸ್ಯ, ಬರುವಾಗ ಮೂರು ಎಂದು ಹಂಚಿಕೊಂಡರೂ ಸರಿ. ಗಾಡಿ ಓಡಿಸುವಾಗ ಕೈಯಲ್ಲಿ ಮಣಿ ಹಿಡಿಯಬೇಡಿ. ಮೊಬೈಲ್‌ನಲ್ಲಿ ಜಪಸರ ಹಚ್ಚಿಟ್ಟು ಬೇರೆ ಕೆಲಸ ಮಾಡುತ್ತಾ ಸುಮ್ಮನಿದ್ದರೆ ಅದು ಕೇಳಿದಂತಾಯಿತು, ಪ್ರಾರ್ಥಿಸಿದಂತಾಗಲಿಲ್ಲ. ಬಾಯಿಯೂ ಕೂಡಲಿ.

ನಾವು ವರ್ಷಕ್ಕೆ ಆರು ತಿಂಗಳು ಬೆಂಗಳೂರು, ಮುಂಬೈ, ಹೈದರಾಬಾದ್ ಕಡೆ ಗುಳೆ ಹೋಗುತ್ತೇವೆ. ನಮ್ಮ ಧರ್ಮಕೇಂದ್ರ ಯಾವುದು?

ಇದನ್ನು ಯಾದಗಿರಿ ಕಡೆಯವರು ಜಾಸ್ತಿ ಕೇಳುತ್ತಾರೆ. ಊರಿನ ಧರ್ಮಕೇಂದ್ರದ ಪುಸ್ತಕದಲ್ಲಿ ನಿಮ್ಮ ಹೆಸರು ಹಾಗೇ ಇರುತ್ತದೆ. ಹೋದ ಊರಿನಲ್ಲಿ ಹತ್ತಿರದ ಚರ್ಚಿಗೆ ಹೋಗಿ ಅಲ್ಲಿನ ಗುರುಗಳಿಗೆ ನಿಮ್ಮನ್ನು ಪರಿಚಯ ಮಾಡಿಕೊಳ್ಳಿ. ಕಟ್ಟಡ ಕೆಲಸದ ಶೆಡ್ಡಿನಲ್ಲಿ ಇದ್ದೇವೆ, ಒಳ್ಳೆ ಬಟ್ಟೆ ಇಲ್ಲ ಎಂದು ಹಿಂಜರಿಯಬೇಡಿ. ಆ ಚರ್ಚು ನಿಮ್ಮದೂ ಹೌದು.

ಹೊರಡುವ ಮೊದಲು ಕುಟುಂಬದ ಎಲ್ಲರ ದೀಕ್ಷಾಸ್ನಾನದ ಪತ್ರದ ಪ್ರತಿ ಇಟ್ಟುಕೊಳ್ಳಿ. ದೀಕ್ಷಾಸ್ನಾನ ಯಾವ ಚರ್ಚಿನಲ್ಲಿ ಆಯಿತೋ ಆ ಪುಸ್ತಕದಲ್ಲೇ ಮುಂದೆ ಮದುವೆಯ ವಿವರವನ್ನೂ ಬರೆಯುತ್ತಾರೆ. ಆದ್ದರಿಂದ ಮದುವೆ ಎಲ್ಲೇ ಆಗಲಿ, ಊರಿನ ಚರ್ಚಿನಿಂದ ಹೊಸದಾಗಿ ಪತ್ರ ತರಿಸಬೇಕಾಗುತ್ತದೆ. ದಿನಾಂಕ, ಚರ್ಚಿನ ಹೆಸರು ಬರೆದಿಟ್ಟುಕೊಂಡಿದ್ದರೆ ಓಡಾಟ ಉಳಿಯುತ್ತದೆ. ಹೊರ ಊರಿನಲ್ಲಿ ಮಗು ಹುಟ್ಟಿದರೆ ಊರಿಗೆ ಬರುವವರೆಗೆ ಕಾಯಬೇಕೆಂದಿಲ್ಲ, ಅಲ್ಲೇ ದೀಕ್ಷಾಸ್ನಾನ ಕೊಡಿಸಬಹುದು. ಜ್ಞಾನತಂದೆ, ಜ್ಞಾನತಾಯಿ ಆಗುವವರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ಅವರು ದೃಢೀಕರಣ ಸಂಸ್ಕಾರ ಪಡೆದ ಕಥೋಲಿಕರಾಗಿರಬೇಕು.

2020ರ ಬೇಸಿಗೆ ನಮಗೆಲ್ಲ ನೆನಪಿದೆ. ಮುಂಬೈ, ಪುಣೆಯಿಂದ ಲಾರಿ ಹತ್ತಿ, ನಡೆದು, ಕಲಬುರಗಿ, ಯಾದಗಿರಿಗೆ ವಾಪಸ್ಸು ಬಂದ ಕೂಲಿಕಾರರು ಶಾಲೆಗಳಲ್ಲಿ ಕ್ವಾರಂಟೈನ್ ಆಗಿದ್ದರು. ಅದೇ ವರ್ಷ ಜೂನ್ 20ರಂದು ಪೋಪ್ ಫ್ರಾನ್ಸಿಸ್ ಮಾತೆಯ ಸ್ತುತಿಮಾಲೆಗೆ ಮೂರು ಹೊಸ ಕರೆಗಳನ್ನು ಸೇರಿಸಿದರು. ಕರುಣೆಯ ಮಾತೆ, ಭರವಸೆಯ ಮಾತೆ, ವಲಸಿಗರಿಗೆ ಸಾಂತ್ವನ ನೀಡುವ ಮಾತೆ. ಹಳೆಯ ಪುಸ್ತಕಗಳಲ್ಲಿ ಇವು ಇಲ್ಲ. ಪೆನ್ನು ತೆಗೆದುಕೊಂಡು ಬರೆದು ಸೇರಿಸಿ. ಗುಳೆ ಹೋಗುವ ನಾಡಿನವರಾದ ನಾವು ಆ ಮೂರನೆಯ ಕರೆಯನ್ನು ಬಿಡಬಾರದು.

ನಮ್ಮ ವಾರ್ಡಿನಲ್ಲಿ ಕನ್ನಡ, ಕೊಂಕಣಿ, ತೆಲುಗು, ಮಲಯಾಳಂ ಎಲ್ಲ ಇದೆ. ಯಾವ ಭಾಷೆಯಲ್ಲಿ ಹೇಳುವುದು?

ಎಲ್ಲರೂ ಸೇರಿದಾಗ ಕನ್ನಡ. ಒಂದೊಂದು ರಹಸ್ಯವನ್ನು ಒಂದೊಂದು ಮನೆಯವರ ಭಾಷೆಗೆ ಬಿಟ್ಟುಕೊಟ್ಟರೆ ಇನ್ನೂ ಚೆನ್ನ. ಕೇರಳದ ನರ್ಸ್ ಹುಡುಗಿ ತನ್ನ ಭಾಷೆಯಲ್ಲಿ ಹತ್ತು ಮಣಿ ಹೇಳಿದರೆ ಉಳಿದವರು ಕನ್ನಡದಲ್ಲಿ ಉತ್ತರ ಕೊಡಬಹುದು. ಲಯ ಒಂದೇ, ಯಾರಿಗೂ ತೊಂದರೆ ಆಗಲ್ಲ.

ಜಪಸರ ಕೊರಳಿಗೆ ಹಾಕಿಕೊಳ್ಳಬಹುದಾ? ಹರಿದುಹೋದರೆ ಏನು ಮಾಡಬೇಕು?

ಭಕ್ತಿಯಿಂದ ಹಾಕಿಕೊಂಡರೆ ತಪ್ಪಿಲ್ಲ, ಶೋಕಿಗೆ ಬೇಡ. ಹೊಸದು ತಂದಾಗ ಪೂಜೆ ಮುಗಿದ ಮೇಲೆ ಗುರುಗಳ ಹತ್ತಿರ ಆಶೀರ್ವಾದ ಮಾಡಿಸಿಕೊಳ್ಳಿ. ಆಶೀರ್ವದಿಸಿದ ವಸ್ತುವನ್ನು ಕಸಕ್ಕೆ ಎಸೆಯಬಾರದು. ಹರಿದರೆ ದಾರ ಹಾಕಿ ಪೋಣಿಸಿ. ಪೂರ್ತಿ ಕೆಟ್ಟರೆ ಮಣ್ಣಿನಲ್ಲಿ ಹೂತುಬಿಡಿ. ಹರಿದರೆ ಅಪಶಕುನ ಎಂಬುದೆಲ್ಲ ಸುಳ್ಳು.

ಮುಟ್ಟಿನ ದಿನಗಳಲ್ಲಿ ಜಪಸರ ಮುಟ್ಟಬಹುದಾ? ಚರ್ಚಿಗೆ ಹೋಗಬಹುದಾ?

ಎರಡೂ ಮಾಡಬಹುದು. ಪರಮಪ್ರಸಾದವನ್ನೂ ಸ್ವೀಕರಿಸಬಹುದು. ಚರ್ಚಿನಲ್ಲಿ ಇಂಥ ನಿಷೇಧ ಇಲ್ಲ. 12 ವರ್ಷಗಳಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಯೇಸುವಿನ ಉಡುಪನ್ನು ಮುಟ್ಟಿದ್ದನ್ನು ಮಾರ್ಕನ ಐದನೇ ಅಧ್ಯಾಯದಲ್ಲಿ ಓದಿ. ಯೇಸು ಅವಳನ್ನು ಗದರಲಿಲ್ಲ. 'ಮಗಳೇ' ಎಂದು ಕರೆದರು. ಈ ಪ್ರಶ್ನೆಯನ್ನು ಹೆಣ್ಣುಮಕ್ಕಳು ಯಾವಾಗಲೂ ಪಿಸುಮಾತಿನಲ್ಲೇ ಕೇಳುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಿಕೊಡಬೇಕು.

ಇಷ್ಟು ದಿನ ಜಪಸರ ಹೇಳಿದರೆ ಕೆಲಸ ಸಿಗುತ್ತದೆ, ಹತ್ತು ಜನಕ್ಕೆ ಕಳಿಸಿ ಎಂದು ವಾಟ್ಸಾಪ್‌ನಲ್ಲಿ ಬರುತ್ತದೆ. ನಂಬಬಹುದಾ?

ನಂಬಬೇಡಿ, ಮುಂದಕ್ಕೆ ಕಳಿಸಲೂ ಬೇಡಿ. ಕಳಿಸದಿದ್ದರೆ ಕೇಡು ಎಂದು ಹೆದರಿಸುವ ಮಾತು ದೇವರದಲ್ಲ. ನವೇನ ಮಾಡಿ, ಒಂಬತ್ತು ದಿನ ಪ್ರಾರ್ಥಿಸಿ, ಕೆಲಸಕ್ಕಾಗಿ, ಮಗುವಿಗಾಗಿ ಕೇಳಿಕೊಳ್ಳಿ. ಕೇಳುವುದು ಮಕ್ಕಳ ಹಕ್ಕು. ಆದರೆ ಜಪಸರ ವ್ಯಾಪಾರವಲ್ಲ.

ಮಕ್ಕಳು ಕೂರುವುದೇ ಇಲ್ಲ. ಏನು ಮಾಡುವುದು?

ಚಿಕ್ಕವರಿಗೆ ಒಂದೇ ಹತ್ತು ಸಾಕು. ರಹಸ್ಯದ ಹೆಸರು ಹೇಳುವ ಕೆಲಸ ಅವರಿಗೆ ಕೊಡಿ, ಮೇಣದಬತ್ತಿ ಹಚ್ಚಲು ಬಿಡಿ. ಫಾತಿಮಾದ ಮೂವರು ಮಕ್ಕಳೂ ಮೊದಮೊದಲು ಆಟಕ್ಕೆ ಹೊತ್ತಾಗುತ್ತದೆಂದು ಪ್ರತಿ ಮಣಿಗೆ ಬರೀ 'ನಮೋ ಮರಿಯ' ಎಂಬಷ್ಟನ್ನೇ ಹೇಳಿ ಮುಗಿಸುತ್ತಿದ್ದರು. ಅವರಲ್ಲಿ ಫ್ರಾನ್ಸಿಸ್ಕೊ, ಜಸಿಂತಾ ಇಬ್ಬರೂ 2017ರಲ್ಲಿ ಸಂತರೆಂದು ಘೋಷಿತರಾದರು. ಬೈದು ಕೂರಿಸಿದ ಮಗು ದೊಡ್ಡವನಾದ ಮೇಲೆ ಜಪಸರವನ್ನಲ್ಲ, ಬೈಗುಳವನ್ನು ನೆನಪಿಟ್ಟುಕೊಳ್ಳುತ್ತದೆ.

ಸಾವಿನ ಮನೆಯಲ್ಲಿ ಯಾವ ರಹಸ್ಯ ಹೇಳಬೇಕು?

ದುಃಖದ್ದು, ಮಹಿಮೆಯದು ಎರಡೂ ಹೇಳಬಹುದು. ಮಣ್ಣಾಗುವವರೆಗೆ ರಾತ್ರಿಯಿಡೀ ಸರದಿ ಮೇಲೆ ಹೇಳುವುದುಂಟು. ಅಲ್ಲಿ ಜೋರಾಗಿ ಹಾಡುವುದು, ಮೈಕು ಹಚ್ಚುವುದು ಬೇಡ. ಮನೆಯವರು ಅಳುತ್ತಿದ್ದರೆ ನಿಲ್ಲಿಸಿ, ಅಳಲು ಬಿಡಿ, ಮತ್ತೆ ಮುಂದುವರಿಸಿ. 'ನಮ್ಮ ಮರಣದ ಸಮಯದಲ್ಲೂ' ಎಂದು ನಾವು ಇಷ್ಟು ವರ್ಷ ಹೇಳುತ್ತಾ ಬಂದದ್ದು ಇದಕ್ಕಾಗಿಯೇ.

ಅವ್ವ ಹಾಸಿಗೆ ಹಿಡಿದಿದ್ದಾರೆ. ಚರ್ಚಿಗೆ ಬರಲಾಗದು. ಏನಾದರೂ ವ್ಯವಸ್ಥೆ ಇದೆಯಾ?

ಇದೆ. ಗುರುಗಳು ಮನೆಗೇ ಪರಮಪ್ರಸಾದ ತರುತ್ತಾರೆ, ಪಾಪನಿವೇದನೆ ಕೇಳುತ್ತಾರೆ. ಕಾಯಿಲೆಯವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಇದೆ. ಅದು ಉಸಿರು ನಿಲ್ಲುವ ಗಳಿಗೆಗೆ ಮಾತ್ರ ಎಂದು ತಿಳಿದು ಎಷ್ಟೋ ಮನೆಯವರು ತಡ ಮಾಡುತ್ತಾರೆ. ಕಾಯಿಲೆ ಗಂಭೀರವಾಗುತ್ತಿದೆ ಎಂದಾಗ, ದೊಡ್ಡ ಆಪರೇಷನ್‌ಗೆ ಮೊದಲು, ವಯಸ್ಸಾಗಿ ಶಕ್ತಿ ಕುಂದಿದಾಗ ಕೇಳಬಹುದು. ಕಾಯಿಲೆ ಮತ್ತೆ ಜೋರಾದರೆ ಇನ್ನೊಮ್ಮೆಯೂ ಪಡೆಯಬಹುದು.

ಆದರೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಗುರುಗಳಿಗೆ ತಾನಾಗಿ ಗೊತ್ತಾಗುವುದಿಲ್ಲ. ವಾರ್ಡಿನ ಮುಖಂಡರಿಗೋ ಸಿಸ್ಟರ್‌ಗೋ ಹೇಳಿ, ಅಥವಾ ಹೆಸರು, ಮನೆಯ ಗುರುತು, ಫೋನ್ ನಂಬರ್ ಬರೆದು ಚರ್ಚಿನ ಕಚೇರಿಯಲ್ಲಿ ಕೊಡಿ. ಗುರುಗಳು ಬರುವ ಹೊತ್ತಿಗೆ ಹಾಸಿಗೆಯ ಪಕ್ಕ ಒಂದು ಚಿಕ್ಕ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು ಇಟ್ಟಿರಿ. ಮನೆಯ ಉಳಿದವರೂ ಹತ್ತಿರ ಇರಿ. ಅವ್ವನಿಗೆ ಮಾತು ಬರುತ್ತಿಲ್ಲ ಎಂದರೆ ಅವರ ಕೈಗೆ ಜಪಸರ ಕೊಟ್ಟು ನೀವು ಹೇಳಿ.